ಎದುರುಮನೆ ಗಿಟಾರಿನ ಹಿತ್ತಾಳೆ ತಂತಿ

ಈ ಸೂಜಿಗಲ್ಲಿಗೆ ನಾನು ಕೊಟ್ಟದ್ದು ಎರಡಾಣೆ. ಮಾರುವವನು ನಾಲ್ಕಾಣೆ ಕೇಳಿದ್ದ. ಒಡೆದ ಟೆಲಿಫೋನ್ ಪೆಟ್ಟಿಗೆಯಿಂದ ಕಿತ್ತ, ಲಾಳದ ಆಕಾರದ ಚಿಕ್ಕ ಸೂಜಿಗಲ್ಲು. ಎರಡಾಣೆ ಅಂದರೆ ಆಗ ನನಗೆ ಒಂದು ಹೊತ್ತಿನ ತಿಂಡಿ. ಆದರೂ ಕೊಟ್ಟೆ, ಯಾಕೆಂದರೆ ಗುಜರಿ ವ್ಯಾಪಾರಕ್ಕೆ ಇಳಿದವನಿಗೆ ಇದಿಲ್ಲದಿದ್ದರೆ ಕಣ್ಣೇ ಇಲ್ಲದ ಹಾಗೆ. ಕಬ್ಬಿಣಕ್ಕೆ ಹಿತ್ತಾಳೆಯ ನೀರು ಹಾಯಿಸಿ ತಂದು, ಗಟ್ಟಿ ಹಿತ್ತಾಳೆ ಅಂತ ಆಣೆ ಇಟ್ಟು ಮಾರುವವರು ಬೇಕಾದಷ್ಟು ಜನ ಇದ್ದರು. ಸೂಜಿಗಲ್ಲು ಹಿಡಿದರೆ ಮುಗಿಯಿತು. ಕಬ್ಬಿಣವಾದರೆ ಟಕ್ಕನೆ ಅಂಟುತ್ತದೆ, ಹಿತ್ತಾಳೆಯಾದರೆ ತಿರುಗಿಯೂ ನೋಡುವುದಿಲ್ಲ.

ಮೊನ್ನೆ ಅಂಗಡಿಯ ಹಳೇ ಡಬ್ಬಿಗಳನ್ನು ಖಾಲಿ ಮಾಡುವಾಗ ಸಿಕ್ಕಿತು. ಕೈಗೆತ್ತಿಕೊಂಡಾಗ ಬಂದ ತುಕ್ಕಿನ ವಾಸನೆಗೆ ರಾಜಾಜಿನಗರದ ಆ ಬೀದಿ, ಎದುರುಮನೆ, ಆ ಮನೆಯ ಯಜಮಾನರು... ಎಲ್ಲ ಸಾಲಾಗಿ ಬಂದು ನಿಂತರು.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಾನು ಇಪ್ಪತ್ತೆರಡು ವರ್ಷದವನು. ಮಾರೇನಹಳ್ಳಿಯಿಂದ ಬಂದು ಒಂದು ಕೋಣೆ ಬಾಡಿಗೆ ಹಿಡಿದು, ಅಂಗಳದಲ್ಲೇ ಗುಜರಿ ಸಾಮಾನು ವಿಂಗಡಿಸಿ ಮಾರುತ್ತಿದ್ದೆ. ಎದುರುಮನೆಯವರು ಹತ್ತಿ ಗಿರಣಿಯಲ್ಲಿ ಸೂಪರ್‌ವೈಸರು. ಬೀದಿಗೆಲ್ಲ ಅವರು ಸೂಪರ್‌ವೈಸರೇ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ.

ಒಂದು ಭಾನುವಾರ ಸೂಪರ್‌ವೈಸರು ಕಂಟೋನ್ಮೆಂಟಿನಿಂದ ಜಟಕಾದಲ್ಲಿ ಉದ್ದನೆಯ ಪೆಟ್ಟಿಗೆ ಇಳಿಸಿಕೊಂಡು ಬಂದರು. ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಟಿದ್ದ ಯಾವುದೋ ಆಂಗ್ಲೋ ಇಂಡಿಯನ್ ಕುಟುಂಬ ಮನೆ ಸಾಮಾನು ಮಾರುತ್ತಿತ್ತು. ಪೆಟ್ಟಿಗೆಯಲ್ಲಿದ್ದದ್ದು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ಗುಂಡು ಜಾರಿಸಿ ನುಡಿಸುವ ಎಲೆಕ್ಟ್ರಿಕ್ ಗಿಟಾರು.

"ಬಾರಯ್ಯ ಗುಜರಿ ಸಾಹುಕಾರ, ನೋಡು! ಇಡೀ ರಾಜಾಜಿನಗರದಲ್ಲಿ ಇದೊಂದೇ ಇರೋದು ಕಣಯ್ಯ."

"ಎಷ್ಟು ಕೊಟ್ರಿ ಸಾರ್?"

"ಕೇಳಿದಷ್ಟು ಕೊಟ್ಟೆ. ಕಲೆ ವಿಷ್ಯದಲ್ಲಿ ಚೌಕಾಸಿ ಮಾಡ್ತಾರೇನಯ್ಯ?"

ಅವರ ಬಗ್ಗೆ ನನಗೆ ಅಸಡ್ಡೆ ಹುಟ್ಟಿದ್ದು ಆ ಕ್ಷಣದಲ್ಲೇ. ಹಡಗಿನ ಟಿಕೆಟ್ಟು ಜೇಬಿನಲ್ಲಿಟ್ಟುಕೊಂಡವನ ಹತ್ತಿರ ಕೇಳಿದಷ್ಟು ಕೊಡುವವನು ರಸಿಕನಲ್ಲ, ಸೋಮಾರಿ. ಹಡಗು ಹೊರಡುವ ದಿನ ಹತ್ತಿರವಾದಷ್ಟೂ ಸಾಮಾನಿನ ಬೆಲೆ ತಾನೇ ಇಳಿಯುತ್ತದೆ. ಎರಡು ವಾರ ಬಿಟ್ಟು ಹೋಗಿದ್ದರೆ ಅರ್ಧ ಬೆಲೆಗೆ ಗಿಟಾರು ಬರುತ್ತಿತ್ತು, ಮೇಲೊಂದು ಕುರ್ಚಿಯೂ ಬರುತ್ತಿತ್ತು.

ಅವರ ಸಾಧನೆ ಹೇಗಿತ್ತು ಅನ್ನುವುದನ್ನೂ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ಸ್ನಾನ, ಇಸ್ತ್ರಿಯ ಗೆರೆ ಬಿದ್ದ ಪ್ಯಾಂಟು, ಮೇಲೊಂದು ಕೋಟು. ಸ್ವಂತ ಮನೆಯ ಪಡಸಾಲೆಯಲ್ಲಿ ಕೂತು ಗಿಟಾರು ಬಾರಿಸುವುದಕ್ಕೆ ಕೋಟು! ವಾಲ್ವ್ ರೇಡಿಯೋದ ಬೆನ್ನಿನಲ್ಲಿ ಗ್ರಾಮಫೋನಿಗೆಂದು ಬಿಟ್ಟಿದ್ದ ತೂತಿಗೆ ಗಿಟಾರಿನ ವೈರು ಸಿಕ್ಕಿಸಿದರೆ ರೇಡಿಯೋದಲ್ಲೇ ಗಿಟಾರು ಕೇಳುತ್ತಿತ್ತು. ಶ್ರುತಿ ಮಾಡುವುದಕ್ಕೆ ಕಾಲು ಗಂಟೆ. ನುಡಿಸುವುದು ಐದು ನಿಮಿಷ, ಅದೂ ಒಂದೇ ಹಾಡಿನ ಮೊದಲ ಎರಡು ಸಾಲು. ಮೂರನೇ ಸಾಲು ಅವರಿಗೆ ಬರುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಮಾತು: ಗುಂಡು ಇನ್ನೂ ಭಾರ ಇರಬೇಕಿತ್ತು, ತಂತಿ ಮೀಟಲು ಬೆರಳಿಗೆ ಸಿಕ್ಕಿಸಿಕೊಳ್ಳುವ ಉಗುರು ಆಮೆಚಿಪ್ಪಿನದಾಗಬೇಕಿತ್ತು, ಕೂರುವ ಸ್ಟೂಲು ಎರಡಂಗುಲ ತಗ್ಗಿರಬೇಕಿತ್ತು. ಮೂರು ತಿಂಗಳಲ್ಲಿ ಅವರ ಹತ್ತಿರ ಮೂರು ಗುಂಡು, ಎರಡು ಸ್ಟೂಲು, ಒಂದು ಡಬ್ಬಿ ಉಗುರು ಸೇರಿದವು. ಹಾಡಿನ ಸಾಲು ಮಾತ್ರ ಎರಡೇ.

ಇವುಗಳಲ್ಲಿ ಹೆಚ್ಚಿನವನ್ನು ಹುಡುಕಿ ತಂದುಕೊಟ್ಟವನು ನಾನೇ. ಕೇಳಿದರು, ತಂದೆ. ನನ್ನ ವ್ಯಾಪಾರ ಅದು.

ಸಾಧನೆ ಅಂದರೆ ಏನು ಅಂತ ನಾನು ಕಂಡದ್ದೂ ಅದೇ ಮನೆಯಲ್ಲಿ. ಅಕ್ಕ ತವರಿನಿಂದ ಒಂದು ವೀಣೆ ತಂದಿದ್ದರು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕೂತರೆಂದರೆ ಒಂದೇ ಒಂದು ಸಾಲನ್ನು ನಲವತ್ತು ಸಲ, ಐವತ್ತು ಸಲ, ಆಮೆಯ ಹಾಗೆ ನಿಧಾನಕ್ಕೆ ನುಡಿಸುವರು. ಎಲ್ಲಿ ಬೆರಳು ತಪ್ಪಿತೋ ಅಲ್ಲೇ ನಿಲ್ಲಿಸಿ, ಆ ಎರಡು ಸ್ವರವನ್ನಷ್ಟೇ ತಿಕ್ಕುವರು. ನಾನು ಅಂಗಳದಲ್ಲಿ ಹಿತ್ತಾಳೆ, ಕಬ್ಬಿಣ ಬೇರೆ ಮಾಡುತ್ತಾ ಕೇಳುತ್ತಿದ್ದೆ. ನನಗೆ ಸಂಗೀತ ಗೊತ್ತಿಲ್ಲ, ಕೆಲಸ ಗೊತ್ತು. ಅದು ಕೆಲಸ. ಮುಗಿಸಿ ಎದ್ದಮೇಲೆ ಕೆಲವು ದಿನ ನನ್ನನ್ನು ಕೂಗಿ ಹಿತ್ತಾಳೆ ಲೋಟದಲ್ಲಿ ಕಾಫಿ ಕೊಡುವರು. "ನಮ್ಮ ರಾಗ ಕೇಳಿ ಕೇಳಿ ತಲೆ ನೋಯ್ತೇನೋ, ಕುಡಿ" ಎಂದು ನಗುವರು. ನಾನು ಒಂದು ದಿನವೂ ಚೆನ್ನಾಗಿತ್ತು ಅನ್ನಲಿಲ್ಲ...

ಹೀಗಿರುವಾಗ ಗಿಟಾರಿನ ದಪ್ಪ ತಂತಿಗಳು ಮೂರೂ ಒಂದರ ಹಿಂದೆ ಒಂದು ಕಡಿದುಹೋದವು. ಅವು ಸೀಮೆಯಿಂದ ಬರಬೇಕು. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಎಲ್ಲೂ ಸಿಗಲಿಲ್ಲ. ಸೂಪರ್‌ವೈಸರು ಅಕ್ಕನ ವೀಣೆಯ ಡಬ್ಬಿಯಿಂದ ಹಿತ್ತಾಳೆ ತಂತಿಯ ಸುರುಳಿ ತೆಗೆದು ಗಿಟಾರಿಗೆ ಬಿಗಿದರು. ವೀಣೆಯಲ್ಲಿ ತಗ್ಗು ಸ್ವರಕ್ಕೆ ಹಿತ್ತಾಳೆ, ಮೇಲಿನದಕ್ಕೆ ಉಕ್ಕು. ನಮ್ಮ ಕಡೆ ಯಾರ ಕೈಗೆ ಕೊಟ್ಟರೂ ಅದನ್ನೇ ಮಾಡುತ್ತಿದ್ದರು. ಇದರಲ್ಲಿ ಅವರನ್ನು ದೂರುವುದಿಲ್ಲ. ಆದರೆ ರೇಡಿಯೋ ಹಚ್ಚಿದರೆ ಉಕ್ಕಿನ ಮೂರು ತಂತಿ ಮಾತ್ರ ಕೇಳುತ್ತಿತ್ತು. ಹಿತ್ತಾಳೆಯ ಮೂರೂ ಮೂಕ.

ಬೇರೆ ಯಾರಾದರೂ ಆಗಿದ್ದರೆ, ಏನು ಬದಲಾಯಿತು ಅಂತ ಯೋಚಿಸುತ್ತಿದ್ದರು. ಇವರು ಯೋಚಿಸುವ ಬದಲು ಕೊಳ್ಳುವವರು. ಮೊದಲು ಪಿಕಪ್ಪು ಸತ್ತಿದೆ ಅಂದರು. ಪಿಕಪ್ಪು ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ಕರೆಂಟು ಮಾಡುವ ಭಾಗ. ಮೋಟಾರಿಗೆ ತಂತಿ ಸುತ್ತುವವನೊಬ್ಬನ ಕೈಲಿ ಹೊಸದು ಮಾಡಿಸಿ ತಂದುಕೊಟ್ಟೆ. ಮೂಕ. ವೈರು ಸರಿಯಿಲ್ಲ ಅಂದರು, ವೈರು ತಂದೆ. ಮೂಕ. ಕೊನೆಗೆ ರೇಡಿಯೋಗೆ ತಾಕತ್ತಿಲ್ಲ, ದೊಡ್ಡ ಆಂಪ್ಲಿಫೈಯರೇ ಬೇಕು ಅಂದರು. ಬಡಾವಣೆಯ ರಾಮನವಮಿ ಚಪ್ಪರದಲ್ಲಿ ಒಂದು ಸಂಜೆ ನುಡಿಸುತ್ತೇನೆಂದು ಅಷ್ಟರಲ್ಲಿ ಒಪ್ಪಿಕೊಂಡಿದ್ದರು. ಎರಡು ಸಾಲು ಕಲಿತ ಮಹಾನುಭಾವರು!

ಮಾಗಡಿ ರಸ್ತೆಯ ಕಡೆ ಮುಚ್ಚಿಹೋಗಿದ್ದ ಟೆಂಟ್ ಸಿನಿಮಾದ ಆಂಪ್ಲಿಫೈಯರು ನನ್ನ ಅಂಗಳದಲ್ಲಿ ಬಿದ್ದಿತ್ತು. ತೂಕಕ್ಕೆ ಕೊಂಡಿದ್ದು. ಬೆಲೆ ಹೇಳಿದೆ. ಅವರ ಹತ್ತಿರ ಅಷ್ಟಿರಲಿಲ್ಲ. ಪಡಸಾಲೆಯ ಸುತ್ತ ಕಣ್ಣಾಡಿಸಿದರು. ಅವರ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು.

"ವೀಣೆ ತಗೊಂಡು ಹೋಗಯ್ಯ. ಸುಮ್ನೆ ಗೋಡೆಗೆ ಒರಗಿಕೊಂಡು ಧೂಳು ಕುಡೀತಿದೆ."

ಅದರ ಮೇಲೆ ಒಂದು ಚೂರೂ ಧೂಳಿರಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಕಾಫಿ ಲೋಟ.

"ಒಂದ್ನಿಮಿಷ ರೀ. ಉಕ್ಕಿಂದು ಮೂರೂ ಕೂಗ್ತಾ ಇದಾವೆ, ಹಿತ್ತಾಳೇದು ಮೂರೂ ಕೂಗ್ತಿಲ್ಲ. ತಂತೀದೇ ಏನೋ ಇರ್ಬೇಕು."

"ನಿಂಗೇನೇ ಗೊತ್ತು ಎಲೆಕ್ಟ್ರಿಕ್ ವಿಷ್ಯ? ಒಳಗ್ಹೋಗು."

ಅವರು ಒಳಗೆ ಹೋಗಲಿಲ್ಲ. ನನ್ನ ಕಡೆ ನೋಡಿದರು. "ನೀನು ದಿನಾ ಇದೇ ಸಾಮಾನಿನ ಜೊತೆ ಇರೋನು. ಹೇಳಪ್ಪಾ, ನಾನು ಹೇಳಿದ್ದು ಸರಿಯೋ ತಪ್ಪೋ?"

ನನ್ನ ಕೈ ಜೇಬಿನಲ್ಲಿತ್ತು. ಬೆರಳಿಗೆ ಈ ಸೂಜಿಗಲ್ಲು ತಗಲುತ್ತಿತ್ತು. ಪಿಕಪ್ಪು ಮಾಡಿಸುವಾಗ ಅದರ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಕಣ್ಣಾರೆ ಕಂಡಿದ್ದೆ. ಒಂದು ಸೂಜಿಗಲ್ಲು, ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ. ಅಕ್ಕ ಆ ಮಾತು ಆಡಿದ ಕೂಡಲೇ ನನಗೆ ಹೊಳೆಯಿತು. ಸೂಜಿಗಲ್ಲು ಹಿತ್ತಾಳೆಯನ್ನು ತಿರುಗಿಯೂ ನೋಡುವುದಿಲ್ಲ. ಮೇಲೆ ಹಿತ್ತಾಳೆ ಎಷ್ಟು ಕುಣಿದರೂ ಪಿಕಪ್ಪಿಗೆ ತಿಳಿಯುವುದಿಲ್ಲ. ದಿನಕ್ಕೆ ನೂರು ಸಲ ನಾನು ಮಾಡುವ ಪರೀಕ್ಷೆ ಅದು! ಅಲ್ಲೇ ಸೂಜಿಗಲ್ಲು ತೆಗೆದು ತಂತಿಗೆ ಹಿಡಿದಿದ್ದರೆ ಎಲ್ಲ ಇತ್ಯರ್ಥವಾಗುತ್ತಿತ್ತು. ವೀಣೆ ಗೋಡೆಯ ಪಕ್ಕದಲ್ಲೇ ಉಳಿಯುತ್ತಿತ್ತು.

ವೀಣೆಯ ಕೊಡ ಒಂದೇ ಮರದಲ್ಲಿ ಕಡೆದದ್ದು, ದಂತದ ಕೆತ್ತನೆ. ಅದಕ್ಕೆ ಎಷ್ಟು ಬರುತ್ತದೆ ಅಂತ ನಾನು ಆಗಲೇ ಅಂದಾಜು ಮಾಡಿಯಾಗಿತ್ತು.

"ಸಾರ್ ಹೇಳೋದೇ ಸರಿ ಅಕ್ಕ," ಎಂದೆ. "ಪವರ್ ಸಾಲದು."

ಅಕ್ಕ ಲೋಟ ಹೊಸ್ತಿಲ ಮೇಲಿಟ್ಟು ಒಳಗೆ ಹೋದರು. ನಾನು ಕಾಫಿ ಕುಡಿದೇ ವೀಣೆ ಎತ್ತಿಕೊಂಡೆ. ಮಾರನೆಯ ದಿನ ಬಳೇಪೇಟೆಯಲ್ಲಿ ಅದನ್ನು ಮಾರಿದೆ.

ರಾಮನವಮಿ ಸಂಜೆ ಚಪ್ಪರ ತುಂಬಿತ್ತು. ಪಾನಕದ ಲೋಟ ಹಿಡಿದು ಬೀದಿಯವರೆಲ್ಲ ಕೂತಿದ್ದರು. ಅಕ್ಕ ಹೆಂಗಸರ ಸಾಲಿನ ಕೊನೆಯಲ್ಲಿದ್ದರು. ಸೂಪರ್‌ವೈಸರು ಕೋಟು ತೊಟ್ಟು, ತಗ್ಗಿದ ಸ್ಟೂಲಿನ ಮೇಲೆ ಕೂತು, ಟೆಂಟಿನ ಆಂಪ್ಲಿಫೈಯರು ಹಚ್ಚಿದರು. ಮೊದಲು ಗುಂಯ್ ಅಂತ ಜೇನುಹುಳುವಿನ ಹಿಂಡು ಎದ್ದಂಥ ಸದ್ದು. ಆಮೇಲೆ ಉಕ್ಕಿನ ತಂತಿಗಳು ಕಿವಿ ಹರಿಯುವಂತೆ ಕಿರುಚಿದವು. ಹಾಡು ತಗ್ಗಿಗೆ ಇಳಿದಾಗಲೆಲ್ಲ ಏನೂ ಇಲ್ಲ, ಬರೀ ಗುಂಯ್. ಗುಂಡು ಜಾರುತ್ತಿದೆ, ಕೈ ಆಡುತ್ತಿದೆ, ಮುಖದಲ್ಲಿ ಭಾವ ಉಕ್ಕುತ್ತಿದೆ, ಸದ್ದು ಮಾತ್ರ ಇಲ್ಲ. ಹಿಂದಿನಿಂದ ಯಾರೋ ಕೂಗಿದರು.

"ಆಪರೇಟ್ರೇ, ರೀಲ್ ಕಟ್ಟಾಯ್ತು!"

ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ, ಹೊಟ್ಟೆ ತುಂಬ ನಕ್ಕೆ. ಎರಡು ಸಾಲು ಮುಗಿಯಿತು. ಮೂರನೆಯದು ಇಲ್ಲದ್ದರಿಂದ ಅವರು ಮೊದಲಿನಿಂದ ಶುರು ಮಾಡಿದರು. ಆಗ ಅಕ್ಕ ಎದ್ದು ಮನೆ ಕಡೆ ನಡೆದುಹೋದದ್ದು ಕಾಣಿಸಿತು. ನನ್ನ ನಗು ಅಲ್ಲಿಗೆ ನಿಂತಿತು.

ಒಂದು ತಿಂಗಳು ಎದುರುಮನೆಯ ಮಧ್ಯಾಹ್ನಗಳು ಸದ್ದಿಲ್ಲದೆ ಹೋದವು. ವಿಂಗಡಿಸುವ ಕೆಲಸ ನನಗೆ ಅಷ್ಟು ಉದ್ದ ಅನಿಸಿದ್ದು ಅದೇ ಮೊದಲು. ಬಳೇಪೇಟೆಗೆ ಹೋಗಿ ಕೇಳಿದೆ. ವೀಣೆ ಮದರಾಸಿನ ಕಡೆಯ ಯಾರಿಗೋ ಹೋಗಿಯಾಗಿತ್ತು. ವಿಳಾಸ ಅಂಗಡಿಯವನಿಗೂ ಗೊತ್ತಿರಲಿಲ್ಲ. ಎರಡು ಸಲ ಹೋದೆ, ಮೂರನೇ ಸಲ ಅವನೇ ಕೈ ಮುಗಿದ.

ಕೊನೆಗೊಂದು ಭಾನುವಾರ ಎದುರುಮನೆಗೆ ಹೋಗಿ ಸೂಜಿಗಲ್ಲು ತೆಗೆದೆ. ಸೂಪರ್‌ವೈಸರ ಎದುರೇ ಉಕ್ಕಿನ ತಂತಿಗೆ ಹಿಡಿದೆ, ಅಂಟಿತು. ಹಿತ್ತಾಳೆ ತಂತಿಗೆ ಹಿಡಿದೆ, ಅಂಟಲಿಲ್ಲ. ತಪ್ಪು ತಂತಿಯದು, ಅಕ್ಕ ಹೇಳಿದ್ದೇ ಸರಿ, ನನಗೆ ಅವತ್ತೇ ಗೊತ್ತಿತ್ತು ಎಂದೆ. ಬೈಯುತ್ತಾರೆ, ಕತ್ತಿನ ಪಟ್ಟಿ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯನ ಕಣ್ಣು ಮಿಂಚಿತು.

"ಹಂಗಾದ್ರೆ ಉಕ್ಕಿನ ದಪ್ಪ ತಂತಿ ಎಲ್ಲಿ ಸಿಗುತ್ತೆ ಹೇಳು! ಬೊಂಬಾಯಿಂದ ತರಿಸ್ತೀಯಾ? ಎಷ್ಟಾದ್ರೂ ಸರಿ ಕಣಯ್ಯ!"

ವೀಣೆಯ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಇಂಥವರನ್ನು ನಾನು ಅವತ್ತೂ ಗೌರವಿಸಲಿಲ್ಲ, ಇವತ್ತೂ ಗೌರವಿಸುವುದಿಲ್ಲ. ಆದರೆ ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಪಡಸಾಲೆಯಲ್ಲಿ ಯಾರ ತಪ್ಪು ಹೆಚ್ಚು ಅನ್ನುವುದಕ್ಕೆ ತಕ್ಕಡಿ ಬೇಕಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಬಹಳ ಹೊತ್ತು ಕೂತೆ. ಅವತ್ತು ಕಾಫಿ ಬರಲಿಲ್ಲ. ಮುಂದೆಂದೂ ಬರಲಿಲ್ಲ. ವರ್ಷದೊಳಗೆ ಅವರು ಮನೆ ಬದಲಾಯಿಸಿ ಹೋದರು, ಕೆಂಗೇರಿ ಕಡೆ ಅಂತ ಯಾರೋ ಅಂದರು...

ಈಗ ದೀಪಾಂಜಲಿ ನಗರದ ಹತ್ತಿರ ನನ್ನದೇ ಅಂಗಡಿ ಇದೆ. ಹಳೇ ಆಂಪ್ಲಿಫೈಯರು, ಸ್ಪೀಕರು, ಗಿಟಾರು ಎಲ್ಲ ಸಿಗುತ್ತವೆ. ಕೋಟು ಹೋಗಿ ಬೇರೆ ಬಟ್ಟೆ ಬಂದಿದೆ, ಗಿರಾಕಿಗಳು ಮಾತ್ರ ಅದೇ ಸೂಪರ್‌ವೈಸರುಗಳು. ಸ್ವರ ಬರಲಿಲ್ಲ ಅಂದರೆ ಸಾಮಾನು ಬದಲಾಯಿಸುತ್ತಾರೆ, ಬೆರಳನ್ನು ಬದಲಾಯಿಸುವುದಿಲ್ಲ. ಮಾರುತ್ತೇನೆ, ಇಲ್ಲವೆನ್ನುವುದಿಲ್ಲ. ಆದರೆ ಹಳೇ ವೀಣೆ ಹೊತ್ತು ತಂದವರನ್ನು ಮಾತ್ರ ಬಾಗಿಲಿನಿಂದಲೇ ಕಳಿಸುತ್ತೇನೆ.

ಓದುತ್ತಿರುವ ನೀವು ಗಿಟಾರು ಕೊಳ್ಳುವವರಾಗಿದ್ದರೆ ಕೇಳಿ. ಮೊದಲು ಸಿಕ್ಕಿದ ಅಗ್ಗದ್ದರಲ್ಲಿ ಒಂದು ಹಾಡು ಪೂರ್ತಿ ಬರಲಿ, ಮೂರನೇ ಸಾಲೂ ಸೇರಿ. ಅಲ್ಲಿಯವರೆಗೆ ಪೇಟೆಯ ಕಡೆ ತಲೆ ಹಾಕಬೇಡಿ. ಬೆರಳು ತಪ್ಪಿದ ಕಡೆ ನಿಲ್ಲಿ, ಅಲ್ಲಿನ ಎರಡು ಸ್ವರವನ್ನೇ ನಲವತ್ತು ಸಲ ನುಡಿಸಿ. ಸದ್ದು ಕೆಟ್ಟರೆ ಕೊನೆಯ ಸಲ ಏನು ಬದಲಾಯಿಸಿದಿರಿ ಅಂತ ನೆನಪು ಮಾಡಿಕೊಳ್ಳಿ. ಮೊದಲು ನೋಡಬೇಕಾದ್ದು ತಂತಿ, ಆಮೇಲೆ ವೈರು, ಎಲ್ಲಕ್ಕಿಂತ ಕೊನೆಗೆ ಆಂಪ್ಲಿಫೈಯರು. ಮನೆಯಲ್ಲಿ ಮೊದಲೇ ವಾದ್ಯ ನುಡಿಸುವವರು ಇದ್ದರೆ, ಬಾಗಿಲಲ್ಲಿ ನಿಂತು ಅವರು ಒಂದು ಮಾತು ಹೇಳಿದರೆ, ಕೈಲಿರುವುದನ್ನು ಕೆಳಗಿಟ್ಟು ಕೇಳಿಸಿಕೊಳ್ಳಿ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಸೂಜಿಗಲ್ಲು ಇಟ್ಟುಕೊಳ್ಳಿ, ತಂತಿಗೆ ನೀವೇ ಹಿಡಿದು ನೋಡಿ. ಮಾರುವವನನ್ನು ಕೇಳಬೇಡಿ. ಅವನ ಜೇಬಿನಲ್ಲೂ ಒಂದು ಇರುತ್ತದೆ. ಅವನು ಅದನ್ನು ಹೊರಗೆ ತೆಗೆಯುವುದಿಲ್ಲ.