ಕಾರ್ಡಿನ ಬಾಯಿಗೆ ಹತ್ತಿ

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಎಲ್ಲರೂ ಅವಳನ್ನು ಸರ್ವರ್ ಅಕ್ಕ ಎನ್ನುತ್ತಿದ್ದರು. ಕತ್ತಲಕೋಣೆಯಲ್ಲಿ ಫಿಲ್ಮ್ ತೊಳೆಯಲು ಸೇರಿ, ಫಿಲ್ಮ್ ಹೋಗಿ ಕಂಪ್ಯೂಟರ್ ಬಂದಾಗ ಯಾರೂ ಹೇಳಿಕೊಡದೆ ತಾನೇ ಕಲಿತವಳು. ತಾವೇ ಕಲಿತವರಿಗೆ ಒಂದು ಕಾಯಿಲೆಯಿರುತ್ತದೆ. ಕಲಿತದ್ದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳುತ್ತಾರೆ. ಅವಳಿಗೂ ಅದಿತ್ತು.

ಮಗಳ ಬಾಣಂತನಕ್ಕೆಂದು ತಿಂಗಳು ರಜೆ ಹಾಕಿ ಮರಳಿದ ಬೆಳಿಗ್ಗೆ ಎಕ್ಸ್‌ರೇ ಚಿತ್ರಗಳನ್ನೆಲ್ಲ ಕೂಡಿಡುವ ಕಂಪ್ಯೂಟರಾದ ಸರ್ವರಿನ ಪರದೆ ನೋಡಿದವಳೇ ಹೌಹಾರಿದಳು. ಇದ್ದ ಎರಡು ಡಿಸ್ಕುಗಳಲ್ಲಿ ಒಂದು ಸತ್ತು ಇಪ್ಪತ್ತು ದಿನವಾಗಿತ್ತು. ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವಂತೆ ನೋಡಿಕೊಳ್ಳುವುದು ಡಿಸ್ಕ್ ನಡೆಸುವ ಕಾರ್ಡಿನ ಕೆಲಸ. ಒಂದು ಸತ್ತರೆ ಕೀಂ ಕೀಂ ಎಂದು ಕೂಗಿ ಹೇಳಬೇಕಾದದ್ದೂ ಅದೇ. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಮುಚ್ಚಳ ಸರಿಸಿದರೆ, ಕಾರ್ಡಿನ ಮೇಲಿನ ಅಂಗಿಗುಂಡಿಯಷ್ಟು ಬಜರ್‌ಗೆ ಹತ್ತಿ ತುರುಕಿ, ಅಡ್ಡಡ್ಡ ಪ್ಲಾಸ್ಟರ್ ಮೆತ್ತಿದ್ದರು. ಆಸ್ಪತ್ರೆಯಲ್ಲವೇ, ಇನ್ನೆಂಥ ಚಿಕಿತ್ಸೆ ಸಿಕ್ಕೀತು!

“ಯಾರ ಘನಕಾರ್ಯ ಇದು?”

ಬಾಗಿಲಲ್ಲಿ ನಿಂತು ರೋಗಿಗಳನ್ನು ಕರೆಯುವ ಆಯಮ್ಮ ಒಳಗೆ ಬಂದಳು. “ನಾನೇ ಕಣಮ್ಮ. ಬೆಂಚಿನ ಮೇಲೆ ತಲೆಗೆ ಪೆಟ್ಟಾದವ್ರು ಕೂತಿರ್ತಾರೆ, ಇದು ನೋಡಿದ್ರೆ ಒಂದೇ ಸಮನೆ ಕೀಂ ಅಂತಿತ್ತು. ಹೇಗಾದ್ರೂ ಅದರ ಬಾಯಿ ಮುಚ್ಸು ಅಂದ್ರು ಸಾಹೇಬ್ರು. ಮುಚ್ಚಿಸ್ದೆ.”

“ನಂಗೊಂದು ಫೋನ್ ಮಾಡೋಕೆ ಏನಾಗಿತ್ತು?”

“ಏನಂತ ಮಾಡ್ಲಿ? ಅದು ಕೂಗಿದ್ರೆ ಏನರ್ಥ ಅಂತ ಒಂದಿನ ಹೇಳಿದ್ದೀಯಾ? ಕೇಳಿದಾಗೆಲ್ಲ ‘ನಿಂಗದು ಅರ್ಥ ಆಗಲ್ಲ ಬಿಡು’ ಅಂದವಳು ನೀನು. ನಿನ್ನ ಕೋಳಿ ಕೂಗಿದ್ರೇನೇ ಬೆಳಗಾಗೋದು ಅಂತ ನೀನು ಅಂದ್ಕೊಂಡಿದ್ದೆ. ಕೂಗ್ತಲ್ಲ ತಾಯಿ, ಬೆಳಗಾಯ್ತಾ?”

ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಅವಳು ಹೊಸ ಡಿಸ್ಕ್ ಹಾಕಿ ನೋಡಿದಳು. ಮುದಿ ಕಾರ್ಡು ಅದನ್ನು ಗುರುತಿಸಲೇ ಇಲ್ಲ. ಅದರ ಆಯಸ್ಸೂ ಮುಗಿದಿತ್ತು. ಹನ್ನೆರಡು ವರ್ಷದ ಮುರಿದ ಮೂಳೆಗಳೂ ಮಸುಕಾದ ಶ್ವಾಸಕೋಶಗಳೂ ಉಳಿದೊಂದು ಡಿಸ್ಕಿಗೆ ಜೋತುಬಿದ್ದಿದ್ದವು. ಅದರ ನಕಲು ತೆಗೆಯಲು ಹಚ್ಚಿ, ಹೊಸ ಕಾರ್ಡಿಗಾಗಿ ಅಂಗಡಿಗೆ ಫೋನ್ ಮಾಡಿದಳು.

ಅಂಗಡಿಯವನು ಎರಡರ ವಿವರ ಕಳಿಸಿದ. ಡಿಸ್ಕ್ ಕಾಯುವುದರಲ್ಲಿ ಎರಡೂ ಸಮ. ಒಂದು ಸದ್ದಿಲ್ಲದ್ದು, ಕೆಟ್ಟ ಸುದ್ದಿಯನ್ನು ಒಬ್ಬರ ಫೋನಿಗೆ ಮಾತ್ರ ಕಳಿಸುತ್ತದೆ. ಪಾಸ್‌ವರ್ಡ್ ಇದ್ದವರಷ್ಟೇ ಅದನ್ನು ಮುಟ್ಟಬೇಕು. ಇನ್ನೊಂದು ಸಾದಾ: ಕೂಗುತ್ತದೆ, ಕೆಟ್ಟ ಡಿಸ್ಕಿನ ಪಕ್ಕ ಕೆಂಪು ದೀಪ ಹಚ್ಚುತ್ತದೆ. ಸೂಪರಿಂಟೆಂಡೆಂಟ್ ಸಾಹೇಬರು “ಸದ್ದಿಲ್ಲದ್ದೇ ಬರ್ಲಿ” ಎಂದರು. ಅವಳೂ ಮನಸ್ಸಿನಲ್ಲಿ ಅದಕ್ಕೇ ಗುರುತು ಹಾಕಿದ್ದಳು. ಇಂಥವರಿಬ್ಬರೂ ಒಪ್ಪಿದಾಗಲೇ ಅನುಮಾನಪಡಬೇಕು. ಅವರಿಗೆ ಬೇಕಿದ್ದದ್ದು ನೆಮ್ಮದಿ, ಇವಳಿಗೆ ಬೇಕಿದ್ದದ್ದು ಬೀಗದಕೈ. ರೋಗಿಯ ನೆನಪು ಇಬ್ಬರಿಗೂ ಇರಲಿಲ್ಲ.

ಸಂಜೆಗೆ ನಕಲು ಮುಗಿಯಿತು. ಉಳಿದ ಡಿಸ್ಕೂ ಅಲ್ಲಲ್ಲಿ ಕೆಟ್ಟಿದ್ದರಿಂದ ಹದಿನೇಳು ಚಿತ್ರಗಳು ಬರಲಿಲ್ಲ. ಅದರಲ್ಲೊಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಾರೆ ಕೆಲಸದವನ ಮೊಣಕಾಲು. ಹಳೆಯ ಚಿತ್ರದೊಂದಿಗೆ ಹೋಲಿಸಿ ನೋಡಬೇಕೆಂದು ಡಾಕ್ಟರು ಚೀಟಿ ಬರೆದಿದ್ದರು.

“ಅದು ಹಾಳಾಗಿ ಹೋಯ್ತಪ್ಪ” ಎಂದಳು.

“ಪರವಾಗಿಲ್ಲ ಮೇಡಂ, ಇನ್ನೊಂದ್ಸಲ ತೆಗೀರಿ.”

ಮೂರು ವರ್ಷದ ಹಿಂದಿನ ಮೊಣಕಾಲನ್ನು ಇನ್ನೊಂದು ಸಲ ತೆಗೆಯುವುದು ಹೇಗೆ? ಅವನು ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮರುದಿನ ಸಾಹೇಬರ ಮುಂದೆ ನಿಂತಳು. “ಕೂಗೋ ಕಾರ್ಡೇ ಬೇಕು ಸಾರ್.”

“ಮತ್ತೆ ಅದೇ ಕಿರಿಕಿರಿನಾ? ನಿಮ್ಮ ಫೋನಿಗೆ ಬಂದ್ರೆ ಸಾಕಲ್ವೇನ್ರಿ?”

“ನಾನು ಮೊಮ್ಮಗು ತೂಗ್ತಾ ಇದ್ದೆ ಸಾರ್, ಫೋನು ಎಲ್ಲಿತ್ತೋ. ಕಿವಿ ಇರೋರು ಇಲ್ಲಿ ಇಪ್ಪತ್ತು ಜನ ಇದ್ರು. ರೋಗಿ ನರಳಿದ್ರೆ ಬಾಯಿಗೆ ಹತ್ತಿ ಇಡ್ತೀವಾ?”

ಸಾಹೇಬರು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದರು.

ಹೊಸ ಕಾರ್ಡು ಕೂತು, ಚಿತ್ರಗಳೆಲ್ಲ ಎರಡು ಹೊಸ ಡಿಸ್ಕಿಗೆ ಇಳಿದ ಮೇಲೆ ಅವಳು ಆಯಮ್ಮನನ್ನು ಕರೆದು ಎಲ್ಲ ವಿವರಿಸಿದಳು. ಆಮೇಲೆ ನಕಲನ್ನು ಕಪಾಟಿನಲ್ಲಿ ಭದ್ರಮಾಡಿ, ಬೇಕೆಂದೇ ಒಂದು ಡಿಸ್ಕನ್ನು ಅರ್ಧ ಎಳೆದು, ಕೈಕಟ್ಟಿ ಕೂತಳು. ಕಾರ್ಡು ಅರಚಿತು. ಎದ್ದುಹೋಗಲು ಅವಳ ಕಾಲು ತುಡಿಯಿತು, ಏಳಲಿಲ್ಲ. ಆಯಮ್ಮ ಕೆಂಪು ದೀಪ ಹುಡುಕಿ, ಆ ಡಿಸ್ಕನ್ನು ಪೂರ್ತಿ ಎಳೆದು, ಕಪಾಟಿನಲ್ಲಿದ್ದ ಇನ್ನೊಂದು ಹೊಸದನ್ನು ಟಕ್ಕೆಂದು ಕೂರಿಸಿದಳು. ದೀಪ ಹಳದಿಯಾಯಿತು, ಚಿತ್ರಗಳು ಅದಕ್ಕೂ ಇಳಿಯತೊಡಗಿದ ಗುರುತು.

“ಇಷ್ಟೇನಾ?”

“ಇಷ್ಟೇ.”

“ಇಷ್ಟಕ್ಕೇನಾ ಹನ್ನೆರಡು ವರ್ಷ ಅಷ್ಟು ಬಿಗುಮಾನ ತೋರ್ಸಿದ್ದು?”

ಸರ್ವರ್ ಅಕ್ಕ ಚಿತ್ರ ಹಾಳಾಗಿದ್ದ ಉಳಿದ ಹದಿನಾರು ಮಂದಿಯ ಹೆಸರು ಬರೆದ ಹಾಳೆಯನ್ನು ಮುಂದಿಟ್ಟುಕೊಂಡು ಮೊದಲನೆಯವರಿಗೆ ಫೋನ್ ಮಾಡಿದಳು.