ಗಾಲ್ಫ್ ಕೋಲಿಗೂ ಹೂವಿನ ಅಪ್ಪಣೆ

“ತಡಿ, ದೇವ್ರಿಗಿ ಹೂ ಹಚ್ಚಿ ಕೇಳೂಣು!” ಎಂದು ಅತ್ತೆ ನನ್ನ ಮೊಬೈಲನ್ನು ಕಸಿದು ದೇವರ ಮುಂದಿಟ್ಟರು.

ಆನ್‌ಲೈನ್ ಗಾಲ್ಫ್ ಆಟದಲ್ಲಿ ನನ್ನ ಡ್ರೈವರ್ ಎಂಬ ಕೋಲನ್ನು ಅಪ್‌ಗ್ರೇಡ್ ಮಾಡಬೇಕಿತ್ತು. ಚೆಂಡನ್ನು ದೂರ ಹೊಡೆಯುವ ಡ್ರೈವರ್ರೋ, ನೆಟ್ಟಗೆ ಹೊಡೆಯುವುದೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೆ. ಮೈಂದರ್ಗಿಯ ನಮ್ಮ ಮನೆಯಲ್ಲಿ ಎತ್ತು ಕೊಳ್ಳುವುದಕ್ಕೂ ಹೂವಿನ ಅಪ್ಪಣೆ ಬೇಕು. ಅತ್ತೆ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಸೇವಂತಿಗೆ ಅಂಟಿಸಿದರು. ಬಲಗಡೆಯದು ಬಿದ್ದರೆ ದೂರ, ಎಡಗಡೆಯದು ಬಿದ್ದರೆ ನೆಟ್ಟಗೆ. ಎಡಗಡೆಯದು ಬಿತ್ತು. ನಂಬಿ ಅದನ್ನೇ ಆರಿಸಿದೆ. ಮೊದಲ ಹೊಡೆತಕ್ಕೇ ಚೆಂಡು ನೆಟ್ಟಗೆ ಹೋಗಿ ಕೆರೆಗೆ ಬಿತ್ತು.

“ದೇವ್ರು ಬರೋಬರ್ ಹೇಳ್ಯಾನ. ಹೊಡದಾಕಿ ನೀನ ಅಲ್ಲೇನು?” ಎಂದರು ಅತ್ತೆ.

ಈಗ ಗಾಲ್ಫ್ ಆಡುವವರು ಅತ್ತೆಯೇ; ಮೊಬೈಲ್ ಅವರ ಕೈಯಲ್ಲಿ, ಹೂ ನನ್ನ ಕೈಯಲ್ಲಿ. ಹೂ ಬೀಳುವ ತನಕ ಕಾಯುವ ಪುರುಸೊತ್ತು ಮಾತ್ರ ಅವರಿಗಿಲ್ಲ.