ಸ್ಟೇಷನ್ ಮಾಸ್ತರರ ಆತ್ಮಕಥೆಗೆ ಕೊಟ್ಟ ಬೆಲೆ

೧೯೫೪, ಮೇ ಹತ್ತು. ಬೆಳಿಗ್ಗೆಯೇ ಸುಡುಬಿಸಿಲು. ಧರಮಪೇಠದ ರದ್ದಿ ಅಂಗಡಿಯಲ್ಲಿ ಯಾರೋ ಸ್ಟೇಷನ್ ಮಾಸ್ತರರ ಹಳೆಯ ಕನ್ನಡ ಆತ್ಮಕಥೆ ಸಿಕ್ಕಿತು. ನನಗದು ಬೇಕೇ ಬೇಕು. ಆದರೆ ಅಂಗಡಿಯವನು ಗಿರಾಕಿಯ ಮುಖ ನೋಡಿ ದರ ಹೇಳುವವನು. ಮುಖ ಬಿಗಿಹಿಡಿದೇ ಪುಟ ತೆರೆದೆ. ಮಾಸ್ತರರು ಗೂಡ್ಸ್ ಗಾಡಿಗೆಂದು ಗೇಟು ಹಾಕಿಸಿ, ತಮ್ಮದೇ ಮದುವೆಗೆ ಬರುತ್ತಿದ್ದ ಬೀಗರನ್ನು ಮುಹೂರ್ತ ಮೀರುವವರೆಗೆ ಆಚೆ ನಿಲ್ಲಿಸಿದ್ದರಂತೆ. ನಕ್ಕುಬಿಟ್ಟೆ.

"ನಕ್ಕಿರಲ್ಲ ಸಾಹೇಬ್, ಇನ್ನು ರದ್ದಿ ದರ ಇಲ್ಲ. ಮೊದಲು ಅದರಲ್ಲೇನಿದೆ ಹೇಳಿ," ಎಂದ ಮರಾಠಿಯಲ್ಲಿ.

ಹೇಳಿದೆ. ಹೊಟ್ಟೆ ಹಿಡಿದು ನಕ್ಕು ಪಕ್ಕದ ದರ್ಜಿಯನ್ನು ಕರೆದ. ಅವನಿಗೂ ಹೇಳಿದೆ. ಆಮೇಲೆ ಚಹಾದವನಿಗೆ.

ಮನೆಯಲ್ಲಿ ಹೆಂಡತಿ ಕೇಳಿದಳು: "ಎಷ್ಟು ಕೊಟ್ರಿ?"

"ಅಂವ ರೊಕ್ಕ ಮುಟ್ಟಲಿಲ್ಲ. ಮೂರು ಸಲ ಕತಿ ಹೇಳಿಸಿದ."

"ಅಯ್ಯ, ಮನ್ಯಾಗ ಬಾಯಿ ಬಿಡದ ನಿಮಗ ಭಾಳ ತುಟ್ಟಿ ಬಿತ್ತಲ್ರಿ!"